ಆಳುದ್ದ ಗೋಡೆ

ಕಲ್ಲುಬಾವಿಪಾಳ್ಯದ ಜವರಪ್ಪ ಮಣ್ಣಿನ ಗೋಡೆ ಹಾಕುವವನು. ನೊಣವಿನಕೆರೆಯಿಂದ ದಂಡಿನಶಿವರದ ತನಕ ಎದ್ದು ನಿಂತ ಮನೆಗಳಲ್ಲಿ ಮುಕ್ಕಾಲು ಪಾಲಿನ ಗೋಡೆ ಅವನ ಕೈಯವು. ಅವನು ಮಾತ್ರ ಎದ್ದು ನಿಂತರೂ ಕೂತ ಹಾಗೇ ಕಾಣುತ್ತಿದ್ದ. ಎತ್ತರ ಮೂರು ಮೊಳದ ಮೇಲೆ ಮೂರು ಬೆರಳು. ಆ ಮೂರು ಬೆರಳೂ ರುಮಾಲಿನವು ಎಂದು ಕೆಲವರ ವಾದ. “ಬೆಳೀಬೇಕಾದ್ದನ್ನೆಲ್ಲ ಜನಗಳ ಗೋಡೆಗೆ ಹಾಕ್ಬುಟ್ಟು ಬಂದವ್ನೆ,” ಎಂದು ಅವನ ಹೆಂಡತಿ ಚೌಡಮ್ಮ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು. ಜವರಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಗಿಡ್ಡ ಮನುಷ್ಯನಿಗೆ ನೆಲ ಹತ್ತಿರ, ಮಣ್ಣು ಹೇಳುವುದು ಬೇಗ ಕೇಳಿಸುತ್ತದೆ ಎನ್ನುತ್ತಿದ್ದ.

ಮಣ್ಣು ಅವನಿಗೆ ಹೇಳುತ್ತಲೂ ಇತ್ತು. ಒಂದು ಹಿಡಿ ಕಲಸಿ ಉಂಡೆ ಮಾಡಿ ಎದೆಯೆತ್ತರದಿಂದ ಕೆಳಗೆ ಬಿಡುತ್ತಿದ್ದ. ಬಿದ್ದು ಪುಡಿಯಾದರೆ ಮರಳು ಹೆಚ್ಚು. ಚಪ್ಪಟೆಯಾಗಿ ಅಂಟಿಕೊಂಡರೆ ಜೇಡಿ ಹೆಚ್ಚು. ಬೆಂದ ರಾಗಿಮುದ್ದೆಯ ಹಾಗೆ ಮೈ ಬಿರಿಯದೆ ಕೂತರೆ ಅದು ಮನೆಯಾಗುವ ಮಣ್ಣು. ಅದನ್ನು ಸಂಜೆ ನೆನೆಹಾಕಿ, ಬೆಳಿಗ್ಗೆ ತುಳಿದು, ರಾಗಿ ಹೊಟ್ಟು ಕಲಸಿ, ಮತ್ತೆ ತುಳಿದು, ಉಂಡೆ ಕಟ್ಟಿ ಒಂದು ಮೊಳ ಎತ್ತರಕ್ಕೆ ಒಂದು ವರಸೆ ಹಾಕುತ್ತಿದ್ದ. ಆಮೇಲೆ ಎಂಟು ದಿನ ಕೈ ಕಟ್ಟಿ ಕೂರುತ್ತಿದ್ದ. ಕೆಳಗಿನ ವರಸೆ ಒಣಗದೆ ಮೇಲಿನ ವರಸೆ ಹಾಕುವುದು ಅವನ ಧರ್ಮದಲ್ಲಿರಲಿಲ್ಲ. ಮನೆ ಕಟ್ಟಿಸುವವರು ಅವಸರ ಮಾಡಿದರೆ, “ಹಸಿ ಬಾಣಂತಿ ತಲೆ ಮ್ಯಾಲೆ ನೀರಿನ ಕೊಡ ಹೊರುಸ್ತೀರಾ ಯಜಮಾನ್ರೆ? ಅದೂ ಸುಧಾರಿಸ್ಕಳ್ಲಿ,” ಎಂದು ಬೀಡಿ ಹಚ್ಚುತ್ತಿದ್ದ.

ಅವನ ಕೈಯ ಮನೆಗಳಲ್ಲೆಲ್ಲ ಮೊದಲನೆಯದು, ಹೆಚ್ಚಿನದು, ಅದೇ ಊರಿನ ಕೆಂಚಪ್ಪನವರ ತೊಟ್ಟಿಮನೆ. ನಲವತ್ತಮೂರನೇ ಇಸವಿಯಲ್ಲಿ ಅದನ್ನು ಶುರು ಮಾಡಿದವನು ಜವರಪ್ಪನ ಅಪ್ಪ. ಎರಡನೇ ವರಸೆ ಒಣಗುವಷ್ಟರಲ್ಲಿ ಅಪ್ಪ ಜ್ವರದಲ್ಲಿ ಹೋಗಿಬಿಟ್ಟ. ಆಗ ಜವರಪ್ಪನಿಗೆ ಇಪ್ಪತ್ತನಾಲ್ಕು. ಗೋಡೆಗೆ ಏಣಿ ಹಾಕಿದರೂ ಕೈಯೆಟುಕದ ಈ ಹುಡುಗ ಮನೆ ಮುಗಿಸುತ್ತಾನೆಯೇ ಎಂದು ಕೆಂಚಪ್ಪನವರು ಅನುಮಾನಿಸಿದರು. “ಇನ್ನೊಂದು ವರಸೆ ನೋಡಿ, ಆಮ್ಯಾಕೆ ಓಡ್ಸಿ,” ಎಂದ. ಅವರು ಓಡಿಸಲಿಲ್ಲ.

ಆ ಮನೆಯ ಗೋಡೆ ಒಂದೂವರೆ ಮೊಳ ದಪ್ಪ. ಹಗಲೆಲ್ಲ ಬಿಸಿಲು ಕುಡಿದರೂ ಅದಕ್ಕೆ ಅಮಲೇರುವುದು ಸಂಜೆಗೇ. ಅಷ್ಟು ಹೊತ್ತಿಗೆ ಮನೆಯವರು ಹೊರಗಿನ ಜಗಲಿಗೆ ಬಂದು ಕೂತಿರುತ್ತಾರೆ. ನಡುವೆ ಆಕಾಶಕ್ಕೆ ಬಾಯಿ ತೆರೆದ ತೊಟ್ಟಿ, ಒಂದೂವರೆ ಮೊಳ ಆಳ, ಕಲ್ಲುಚಪ್ಪಡಿಯ ಹಾಸು. ಸುತ್ತ ನಾಲ್ಕೂ ಕಡೆ ಹಲಸಿನ ಕಂಬಗಳ ಒಳಜಗಲಿ. ಪೂರ್ವಕ್ಕೆ ತಲೆಬಾಗಿಲು, ಅದಕ್ಕೆ ನೇರವಾಗಿ ಪಡುವಲಿಗೆ ಹಿತ್ತಲ ಬಾಗಿಲು. ಪಡುವಲ ಗಾಳಿ ಹಿತ್ತಲಿನ ತೆಂಗಿನ ನೆರಳಲ್ಲಿ ಮೈ ತಣಿಸಿಕೊಂಡು ಒಳಗೆ ಬರಬೇಕು, ಮನೆಯೊಳಗಿನ ಬಿಸಿಯನ್ನು ತೊಟ್ಟಿಯ ಬಾಯಿಂದ ಮೇಲೆ ಕಳಿಸಬೇಕು, ಅಟ್ಟದ ಮೇಲೆ ಹರವಿದ ತೆಂಗಿನಕಾಯಿಯ ಮೇಲೆ ಕೈಯಾಡಿಸಬೇಕು, ತಲೆಬಾಗಿಲಿಂದ ಬೀದಿಗೆ ಹೋಗಬೇಕು. ಒಳ್ಳೆಯ ನೆಂಟನ ಹಾಗೆ ಬಂದದ್ದೂ ಗೊತ್ತಾಗಬಾರದು, ಹೋದದ್ದೂ ಗೊತ್ತಾಗಬಾರದು. “ಮನುಷಂಗೆ ಮೂಗು ಮಕದಾಗೆ, ಮನೆಗೆ ಮೂಗು ಹೊಟ್ಟೆಯಾಗೆ,” ಎಂದು ಜವರಪ್ಪ ತೊಟ್ಟಿಯನ್ನು ತೋರಿಸುತ್ತಿದ್ದ.

ಅದು ಬರಿಯ ಜಂಬವಲ್ಲ. ಚೈತ್ರ ವೈಶಾಖದ ಮಧ್ಯಾಹ್ನಗಳಲ್ಲಿ ಊರಿನ ಅರ್ಧ ಗಂಡಸರಿಗೆ ಕೆಂಚಪ್ಪನವರ ಮನೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಕುಡುಗೋಲು ಕೇಳಲು ಬಂದವನು ಕಂಬಕ್ಕೊರಗಿ ಗೊರಕೆ ಹೊಡೆದು, ಸಂಜೆ ಎದ್ದು ಕುಡುಗೋಲು ಮರೆತು ಹೋಗುತ್ತಿದ್ದ. ಇನ್ನು ಅಟ್ಟದ ಕಾಯಿ. ಹನ್ನೊಂದು ತಿಂಗಳು ಒಲೆಯ ಹೊಗೆಯಲ್ಲಿ, ತೊಟ್ಟಿಯ ಗಾಳಿಯಲ್ಲಿ ಮಲಗಿ, ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿಯಾಗಿ ಇಳಿಯುತ್ತಿತ್ತು. ಊರಲ್ಲಿ ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದ್ದ ಚಿಕ್ಕಹನುಮಯ್ಯ ಅಟ್ಟವಿಲ್ಲದೆ ಕಾಯಿಯನ್ನು ಕೋಣೆಯಲ್ಲಿ ರಾಶಿ ಹಾಕಿದ್ದ. ಕೊಬ್ಬರಿಯಾಗಬೇಕಾದ ಕಾಯಿ ಮೊಳೆತು ಸಸಿಯಾದವು. ಸಸಿ ಒಳಗೆ ಮಲಗಿದವು, ಚಿಕ್ಕಹನುಮಯ್ಯ ಸೆಕೆ ತಾಳಲಾರದೆ ಹೊಂಗೆಮರದಡಿ ಮಲಗಿದ.

ಕೆಂಚಪ್ಪನವರು ತೀರಿಕೊಂಡ ಮೇಲೆ ಮನೆ ಇಬ್ಬರು ಮಕ್ಕಳದಾಯಿತು. ಹಿರಿಯ ನಂಜುಂಡಪ್ಪ, ಮಾತು ಕಡಿಮೆ, ನಿದ್ದೆ ಹೆಚ್ಚು. ಕಿರಿಯ ಚಿಕ್ಕಣ್ಣ ಹೆಸರಿಗೆ ಮಾತ್ರ ಚಿಕ್ಕಣ್ಣ. ಬಾಗಿಲು ದಾಟುವಾಗ ಬಗ್ಗದಿದ್ದರೆ ಹಣೆ ಒಡೆದುಕೊಳ್ಳುವ ಆಳು. ಎರಡು ಜುಟ್ಟು ಕೂಡಬಹುದು, ಎರಡು ಜಡೆ ಕೂಡವು ಎನ್ನುತ್ತಾರೆ. ಇಲ್ಲಿ ಜಡೆಗಳು ಚೆನ್ನಾಗಿಯೇ ಇದ್ದವು. ಹಿರಿಯ ಸೊಸೆ ಪುಟ್ಟಗೌರಮ್ಮ ಹಪ್ಪಳ ಒತ್ತಿದರೆ ಕಿರಿಯ ಸೊಸೆ ದ್ರಾಕ್ಷಾಯಣಮ್ಮ ಒಣಹಾಕುತ್ತಿದ್ದಳು. ಬಿರುಕು ಬಿಟ್ಟದ್ದು ಜುಟ್ಟುಗಳೇ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಚಿಕ್ಕಣ್ಣ ತಿಪಟೂರಿನಿಂದ ಒಂದು ಟ್ರಾನ್ಸಿಸ್ಟರ್ ತಂದು ಒಳಜಗಲಿಯಲ್ಲಿಟ್ಟ. ತೊಟ್ಟಿಯಲ್ಲಿ ಪಿಸುಗುಟ್ಟಿದರೂ ಮನೆಗೆಲ್ಲ ಕೇಳುತ್ತದೆ. ನಂಜುಂಡಪ್ಪನ ಮಧ್ಯಾಹ್ನದ ನಿದ್ದೆಗೆ ರಸಗೊಬ್ಬರದ ಭಾಷಣ ಬಂದು ಬಡಿಯಿತು.

“ಆರ್ಸ್ಲಾ ಅದನ್ನ!”

“ರೈತರಿಗೆ ಅಂತ ಹೇಳ್ತಾವ್ರೆ ಕಣಣ್ಣ. ಮಲಗೋರಿಗೆ ಅಂತ ಬೇರೆ ಬತ್ತದೆ, ಆಗ ಕರೀತೀನಿ.”

“ನಿನ್ನ ಮಕ ನೋಡಕ್ಕಾಗಲ್ಲ ಕಣ್ಲಾ ನಂಗೆ.”

“ಹಂಗಾರೆ ಕಾಣ್ದಂಗೆ ಗೋಡೆ ಹಾಕ್ಸು.”

ಇಷ್ಟೇ. ಊರಲ್ಲಿ ದೊಡ್ಡ ದೊಡ್ಡ ಮನೆ ಒಡೆದದ್ದು ಇದಕ್ಕಿಂತ ಚಿಕ್ಕ ಮಾತಿಗೇ. ದೀಪಾವಳಿ ಕಳೆದ ಮೇಲೆ ನಾಲ್ಕು ಜನ ಸೇರಿ ಪಾಲು ಮಾಡಲು ಕೂತರು. ಪಾಲುಪಟ್ಟಿ ಬರೆಯಲು ರಿಟೈರಾದ ಗಂಗಯ್ಯ ಮೇಷ್ಟ್ರು. ಅಳತೆಗೆ ಜವರಪ್ಪ.

ತೋಟ, ಹೊಲ, ದನ ಎಲ್ಲ ಬೆಳಗಿನ ಹೊತ್ತಿಗೇ ಹಂಚಿಹೋದವು. ಮನೆ ಬಂದಾಗ ಮಧ್ಯಾಹ್ನವಾಯಿತು. ಮುಂದಿನ ಅರ್ಧ ಹಿರಿಯವನಿಗೆ, ಅಡಿಗೆಮನೆಯಿರುವ ಹಿಂದಿನ ಅರ್ಧ ಕಿರಿಯವನಿಗೆ. ಒಬ್ಬನಿಗೆ ತಲೆಬಾಗಿಲು, ಒಬ್ಬನಿಗೆ ಹಿತ್ತಲ ಬಾಗಿಲು. ಅಕ್ಕಪಕ್ಕದ ಒಳಜಗಲಿಗಳಿಗೆ ಬಿದಿರ ತಡಿಕೆ ಕಟ್ಟಿಕೊಳ್ಳುವುದು. ಉಳಿದದ್ದು ತೊಟ್ಟಿ, ಅದರ ನಡುವೆ ಗೋಡೆ ಎಂದಾಯಿತು. ಅಲ್ಲಿ ಪುಟ್ಟಗೌರಮ್ಮ ಕಂಬದ ಮರೆಯಿಂದ ಮಾತೆತ್ತಿದಳು.

“ಮೇಷ್ಟ್ರೆ, ಹಿಂದಲ ಪಾಲಿಗೆ ಬೆಳಗಿನ ಬಿಸಿಲು ಬೀಳ್ತದೆ, ನಮಗೆ ಬರೀ ಸಂಜೆಬಿಸಿಲು. ಸಂಡಿಗೆ ಒಣಗೋದು ಬೆಳಗಿನ ಬಿಸಿಲಿಗೆ.”

“ಸಂಜೆ ಬಿಸಿಲಿಗೆ ಒಣಗಿದ್ದು ರುಚಿ ಜಾಸ್ತಿ ಕಣಕ್ಕ,” ಎಂದಳು ದ್ರಾಕ್ಷಾಯಣಮ್ಮ ಇನ್ನೊಂದು ಕಂಬದ ಮರೆಯಿಂದ.

“ಹಂಗಾರೆ ನೀನೇ ಇಟ್ಕೊ.”

ಗಂಗಯ್ಯ ಮೇಷ್ಟ್ರು ಲೇಖನಿ ಕೆಳಗಿಟ್ಟರು. “ಸೂರ್ಯಂಗೆ ಪಾಲುಪಟ್ಟಿ ತೋರ್ಸಕ್ಕಾಗಲ್ಲ ಕಣಮ್ಮ. ಅವನು ಓದಿಲ್ಲ.”

ಅಲ್ಲಿಯ ತನಕ ಜವರಪ್ಪ ತನ್ನ ಪಾಡಿಗೆ ಮೊಳ ಹಾಕುತ್ತಿದ್ದ. ತೊಟ್ಟಿಯ ನಡುವೆ ಗೋಡೆ ಎಂದರೆ ಹಿತ್ತಲ ಬಾಗಿಲ ಗಾಳಿ ತಲೆಬಾಗಿಲ ಮುಖ ನೋಡುವುದಿಲ್ಲ. ಎರಡೂ ಪಾಲಿನವರು ಎರಡು ಮುಚ್ಚಿದ ಮಡಕೆಯಲ್ಲಿ ಬೇಯುತ್ತಾರೆ. ಅಟ್ಟದ ಕಾಯಿ ಬೂಷ್ಟು ಹಿಡಿಯುತ್ತದೆ. ಅಪ್ಪ ಶುರು ಮಾಡಿ ತಾನು ಮುಗಿಸಿದ ಮನೆಯ ಮೂಗನ್ನು ತಾನೇ ಹಿಡಿದು ಕೂರಬೇಕು. ಒಲ್ಲೆ ಎಂದು ಎದ್ದು ಹೋಗಬಹುದಿತ್ತು. ಅಷ್ಟರಲ್ಲಿ ಚಿಕ್ಕಣ್ಣ, “ತಿಪಟೂರಿಂದ ಗಾರೆಯವರ್ನ ಕರೆಸ್ತೀನಿ. ಇಟ್ಟಿಗೆ, ಸಿಮೆಂಟು. ಮೂರೇ ದಿನ, ಸೂರು ಮುಟ್ಟುಸ್ತಾರೆ,” ಎಂದ.

ಜವರಪ್ಪನ ಬಾಯಿಂದ ಮಾತು ತಾನಾಗಿ ಬಂತು. “ಸೂರು ಮುಟ್ಟೋ ಗೋಡೆ ಯಾಕೆ ಯಜಮಾನ್ರೆ? ಮಕ ಕಾಣಬಾರ್ದು ತಾನೆ ನಿಮಗೆ? ಆಳುದ್ದ ಸಾಕು. ಮಣ್ಣಿಂದು ಸಾಕು. ಹಳೇ ಗೋಡೆ ಪಕ್ಕ ಸಿಮೆಂಟು ಕೂತ್ರೆ ಅತ್ತೆ ಪಕ್ಕ ಪ್ಯಾಟೆ ಸೊಸೆ ಕೂತಂಗೆ, ಒಂದಕ್ಕೊಂದು ಅಂಟಲ್ಲ, ಬಿರುಕು ಬಿಡ್ತದೆ.”

ನಂಜುಂಡಪ್ಪನಿಗೆ ಸರಿಯೆನಿಸಿತು. ಚಿಕ್ಕಣ್ಣ ತನ್ನ ಎತ್ತರವನ್ನು ಒಮ್ಮೆ ನೆನೆದು, ಆಳುದ್ದವಾದರೆ ಸಾಲದೆ ಏನು ಎಂದುಕೊಂಡು ಹೂಂ ಎಂದ. ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದರು: ‘ತೊಟ್ಟಿಯ ನಡುವೆ ಜವರಪ್ಪನ ಕೈಯಲ್ಲಿ ಆಳುದ್ದ ಮಣ್ಣಿನ ಗೋಡೆ ಹಾಕಿಸತಕ್ಕದ್ದು.’ ಅಣ್ಣ ತಮ್ಮ ಇಬ್ಬರೂ ರುಜು ಹಾಕಿದರು.

ಆ ಸಂಜೆ ಜವರಪ್ಪ ಮುದ್ದೆ ಮುರಿಯದೆ ಕೂತಿದ್ದ. ಚೌಡಮ್ಮ ಸಾರು ಬಡಿಸುತ್ತ, “ಗೋಡೆ ಹಾಕೋಕೆ ಕರೆದ್ರೆ ಅಳೋ ಗೋಡೆಯವ್ನ ಇವತ್ತೇ ನೋಡಿದ್ದು,” ಎಂದಳು.

“ನಾನ್ ಹಾಕ್ದಿದ್ರೆ ಸಿಮೆಂಟ್ನವ್ನು ಹಾಕ್ತಾನೆ. ನಾನ್ ಹಾಕಿದ್ರೆ ನಾನೇ ಹಾಕ್ದಂಗಾಯ್ತದೆ. ಏನ್ ಮಾಡ್ಲೇ?”

“ನಿಧಾನಕ್ಕೆ ಹಾಕು. ಅದೊಂದ್ ನಿಂಗೆ ಚೆನ್ನಾಗಿ ಬತ್ತದೆ.”

ಮಾರನೆಯ ದಿನ ಜವರಪ್ಪ ತೊಟ್ಟಿಗಿಳಿದು ನೂಲು ಹಿಡಿದ. ಚಪ್ಪಡಿಯ ಮೇಲೆ ನಿಂತು ಸುತ್ತ ನೋಡಿದ. ಮೂವತ್ತಾರು ವರ್ಷದಿಂದ ನೋಡಿದ ಜಾಗವೇ. ಆದರೆ ಅವತ್ತು ಒಳಜಗಲಿಯ ಅಂಚಿನಲ್ಲಿ ದ್ರಾಕ್ಷಾಯಣಮ್ಮ ರಾಗಿ ಕೇರುತ್ತ ನಿಂತಿದ್ದಳು. ತೊಟ್ಟಿಯೊಳಗೆ ನಿಂತ ಜವರಪ್ಪನ ತಲೆ ಅವಳ ಸೊಂಟಕ್ಕೆ ಬರುತ್ತಿತ್ತು. ಅವನು ಅವಳನ್ನು ನೋಡಿದ, ತನ್ನ ಕಾಲು ನೋಡಿಕೊಂಡ, ರುಮಾಲು ಮುಟ್ಟಿ ನೋಡಿಕೊಂಡ.

“ಏನ್ ಜವರಪ್ಪ, ಒಬ್ನೇ ನಗ್ತೀಯ?” ಎಂದಳು ಅವಳು.

“ಏನಿಲ್ಲ ಅವ್ವಾರೆ. ಇಷ್ಟ್ ವರ್ಸ ಆದ್ಮ್ಯಾಲೆ ನಮ್ಮವ್ವ ನನ್ನ ಯಾಕೆ ಇಷ್ಟಕ್ಕೇ ನಿಲ್ಲುಸ್ತು ಅಂತ ಗೊತ್ತಾಯ್ತು.”

ಅವಳಿಗೆ ಅರ್ಥವಾಗಲಿಲ್ಲ. ಜವರಪ್ಪ ಕೆಲಸ ಶುರು ಮಾಡಿದ.

ಒಂದು ವರಸೆ ಬಿದ್ದಿತು. ಎಂಟು ದಿನ ಒಣಗಿತು. ಎರಡನೆಯದು ಬಿದ್ದಿತು, ಹತ್ತು ದಿನ ಒಣಗಿತು. ಕಾರ್ತಿಕದ ಇಬ್ಬನಿ ಎಂದು ಜವರಪ್ಪ ಎರಡು ದಿನ ಹೆಚ್ಚು ತೆಗೆದುಕೊಂಡ. ಚಿಕ್ಕಣ್ಣ ದಿನಾ ಬಂದು ಗೋಡೆಗೆ ಬೆರಳು ಒತ್ತಿ ನೋಡಿ, “ಇನ್ನೂ ಹಸಿನಾ?” ಎನ್ನುತ್ತಿದ್ದ. “ನೀವು ದಿನಾ ಬೆರಳಿಕ್ಕಿದ್ರೆ ಒಣಗೋದು ಹೆಂಗೆ?” ಎನ್ನುತ್ತಿದ್ದ ಜವರಪ್ಪ. ಮೂರನೆಯ ವರಸೆ ಬಿದ್ದ ಮೇಲೆ ಅದರ ನೆತ್ತಿಗೆ ಮೂರು ಬೆರಳು ಮಣ್ಣು ಬಳಿದು, ನೀರು ನಿಲ್ಲದಂತೆ ತಲೆಯನ್ನು ಎತ್ತಿನ ಬೆನ್ನಿನ ಹಾಗೆ ಗುಂಡಗೆ ಮಾಡಿ, ಕೈ ಸವರಿ, ಸಲಿಕೆ ತೊಳೆದು ಗೋಡೆಗೊರಗಿಸಿದ.

“ಆಯ್ತು,” ಎಂದ.

“ಏನಾಯ್ತು?” ಎಂದ ಚಿಕ್ಕಣ್ಣ. ಅವನು ಒಳಜಗಲಿಯ ಮೇಲೆ ನಿಂತಿದ್ದ. ಗೋಡೆ ಅವನ ತೊಡೆಗೆ ಬಂದಿತ್ತು. ಆಚೆ ಜಗಲಿಯಲ್ಲಿ ಅಣ್ಣ ಎಲೆಯಡಿಕೆ ಹಾಕಿಕೊಳ್ಳುತ್ತಿರುವುದು, ಸುಣ್ಣ ಎಷ್ಟು ಹಚ್ಚಿಕೊಂಡ ಎನ್ನುವುದು ಸಮೇತ ಕಾಣುತ್ತಿತ್ತು.

“ಗೋಡೆ ಆಯ್ತು.”

“ಇದು ಗೋಡೆನೇನ್ಲಾ? ಕುರಿ ಹಾರ್ತದೆ ಇದನ್ನ!”

“ಕುರಿಗೂ ನಿಮಗೂ ಜಗಳ ಇಲ್ವಲ್ಲ ಯಜಮಾನ್ರೆ.”

ಸಂಜೆಯೊಳಗೆ ಮತ್ತೆ ಅದೇ ನಾಲ್ಕು ಜನ ಸೇರಿದರು. ಈ ಸಲ ಕರೆಯದವರೂ ಬಂದರು. ಚಿಕ್ಕಣ್ಣ ಪಾಲುಪಟ್ಟಿಯನ್ನು ಬೀಸುತ್ತ ಕೂಗಾಡಿದ. ನಾಳೆಯೇ ತಿಪಟೂರಿಗೆ ಹೋಗುತ್ತೇನೆ, ಗಾರೆಯವರನ್ನು ಕರೆತಂದು ಸೂರು ಮುಟ್ಟಿಸುತ್ತೇನೆ, ಯಾರು ತಡೆಯುತ್ತಾರೋ ನೋಡುತ್ತೇನೆ ಎಂದ. ನಾಳೆ ಅವನು ಹೋದರೆ ಮುಗಿಯಿತು ಎಂದು ಜವರಪ್ಪನಿಗೆ ಗೊತ್ತಿತ್ತು.

ಗಂಗಯ್ಯ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. “ಆಳುದ್ದ ಅಂತ ಬರೆದೈತೆ. ಜವರಪ್ಪ, ಇದು ಆಳುದ್ದ ಹೆಂಗಾಯ್ತದೆ?”

“ಇಳೀತೀನಿ, ನೀವೇ ನೋಡಿ ಮೇಷ್ಟ್ರೆ.” ಜವರಪ್ಪ ತೊಟ್ಟಿಗಿಳಿದು, ಗೋಡೆಗೆ ಬೆನ್ನು ಕೊಟ್ಟು, ಮದುವೆಯ ಫೋಟೋಕ್ಕೆ ನಿಂತವನಂತೆ ನೆಟ್ಟಗೆ ನಿಂತ. ಗೋಡೆಯ ತಲೆಯೂ ಅವನ ತಲೆಯೂ ಒಂದೇ ಮಟ್ಟ. ಮೇಷ್ಟ್ರು ಒಂದು ಅಡಿಕೋಲನ್ನು ಎರಡರ ಮೇಲೂ ಇಟ್ಟರು. ಕೋಲು ಅಲುಗಲಿಲ್ಲ. ನೆರೆದವರಲ್ಲಿ ಯಾರೋ ಕಿಸಕ್ಕೆಂದರು.

“ಅವನುದ್ದ ಯಾವನು ಕೇಳಿದ್ದು?” ಚಿಕ್ಕಣ್ಣ ಧುಮುಕಿ ತೊಟ್ಟಿಗಿಳಿದ. ಗೋಡೆಗಿಂತ ಒಂದು ಮೊಳ ಮೇಲೆ ನಿಂತ. “ಆಳು ಅಂದ್ರೆ ಹಿಂಗಿರ್ಬೇಕು. ನನ್ನುದ್ದ ಬೇಕು ಗೋಡೆ.”

ಜವರಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಬಹಳ ವಿನಯದಿಂದ ಹೇಳಿದ. “ಅದೆಂಗಾಯ್ತದೆ ಯಜಮಾನ್ರೆ? ಪತ್ರದಾಗೆ ಆಳುದ್ದ ಅಂತ ಬರೆದೈತೆ. ಈ ಮನೇಲಿ ನೀವು ಯಜಮಾನ್ರು. ಆಳು ನಾನು. ನಿಮ್ಮುದ್ದ ಬೇಕಾಗಿದ್ರೆ ಯಜಮಾನ್ರುದ್ದ ಅಂತ ಬರುಸ್ಬೇಕಾಗಿತ್ತು.”

ಮೇಷ್ಟ್ರಿಗೇ ಮೊದಲು ನಗು ಬಂತು. ತಡೆಯಲು ಹೋಗಿ ಕೆಮ್ಮಿದರು. ಅಲ್ಲಿಂದ ನಗು ಜಗಲಿಯ ಸುತ್ತ ಓಡಿತು. ಇಲ್ಲ, ಆಳು ನಾನೇ ಎಂದು ಚಿಕ್ಕಣ್ಣ ಊರೆದುರು ಹೇಗೆ ಹೇಳುತ್ತಾನೆ? ಕೆಂಚಪ್ಪನವರ ಮಗ.

“ಬಾವಿ ತೋಡೋವಾಗ್ಲೂ ಅಷ್ಟೇ ಅಲ್ವೇನ್ರಪ್ಪ,” ಎಂದ ಜವರಪ್ಪ, ಬಿಸಿ ಇರುವಾಗಲೇ ಬಡಿಯಬೇಕೆಂದು. “ಎರಡಾಳು ಆಳ ಅಂದ್ರೆ ತೋಡೋನ ಎರಡಾಳು. ಜವಳಿ ಅಂಗಡೀಲಿ ಕೂತಿರೋನ ಎರಡಾಳಲ್ಲ.”

ಮೇಷ್ಟ್ರು ಪತ್ರ ಮಡಿಸಿದರು. “ಪತ್ರ ಜವರಪ್ಪನ ಪರವಾಗೈತೆ ಚಿಕ್ಕಣ್ಣ. ಇದ್ನ ಮೀರಿದ್ರೆ ತೋಟದ ಪಾಲು, ಹೊಲದ ಪಾಲು ಎಲ್ಲ ಮತ್ತೆ ಬಿಚ್ಚಬೇಕಾಯ್ತದೆ. ಇನ್ನೊಂದ್ ಸಲ ಕೂರೋ ಶಕ್ತಿ ನನಗಿಲ್ಲ. ಯುಗಾದಿ ಕಳೀಲಿ. ಆಗ್ಲೂ ನಿಮ್ಮಿಬ್ರಿಗೂ ಬೇಕು ಅನ್ಸಿದ್ರೆ ಏರ್ಸನ.”

“ಕೂತ್ರೆ ಕಾಣಲ್ಲ ಕಣ್ಲಾ ಚಿಕ್ಕ,” ಎಂದ ನಂಜುಂಡಪ್ಪ ಆಚೆಯಿಂದ. ತಮ್ಮನೊಡನೆ ಅವನು ಎರಡು ತಿಂಗಳಲ್ಲಿ ಆಡಿದ ಮೊದಲ ಮಾತು ಅದು. ನಿಜವೇ. ಜಗಲಿಯ ಮೇಲೆ ಕೂತರೆ ಆಚೆಯ ಗಂಡಸರ ನೆತ್ತಿ, ಹೆಂಗಸರ ತುರುಬು, ಇಷ್ಟೇ ಕಾಣುತ್ತಿದ್ದದ್ದು. ಪುಟ್ಟಗೌರಮ್ಮನ ತುರುಬೂ ದ್ರಾಕ್ಷಾಯಣಮ್ಮನ ತುರುಬೂ ಗೋಡೆಯ ಎರಡು ಪಕ್ಕಕ್ಕೆ ಎದುರುಬದುರಾಗಿ ಕೂತು ಮಧ್ಯಾಹ್ನವೆಲ್ಲ ಅಲ್ಲಾಡುತ್ತಿದ್ದವು.

ಸೋತ ಚಿಕ್ಕಣ್ಣ ಸುಮ್ಮನಾಗಲಿಲ್ಲ. ಪತ್ರದಲ್ಲಿ ಗೋಣಿತಾಟಿನ ಮಾತು ಇಲ್ಲವಲ್ಲ ಎಂದು, ಗೋಡೆಯ ಬದಿಗೆ ಬಿದಿರ ಗಳ ನೆಟ್ಟು ಸೂರಿನ ತನಕ ಗೋಣಿತಾಟು ಕಟ್ಟಿದ. ಜಗಲಿಯ ತಡಿಕೆಗಳಿಗೂ ಅದನ್ನೇ ಹೊದಿಸಿದ. ಅವನ ಮನೆಗೆ ಕಸಮುಸುರೆಗೆ ಹೋಗುತ್ತಿದ್ದ ಚೌಡಮ್ಮ ಬಂದು ಹೇಳಿದಳು. ಅಷ್ಟೆಲ್ಲ ಮಾಡಿ ಕೊನೆಗೆ ಮೂಗಿಗೆ ಗೋಣಿ ತುರುಕಿದನಲ್ಲ ಎಂದು ಜವರಪ್ಪ ಮೂರು ದಿನ ಆ ಮನೆಯ ಕಡೆಗೇ ಹೋಗಲಿಲ್ಲ.

ಫಾಲ್ಗುಣ ಹುಟ್ಟಿತು. ಬಿಸಿಲು ಹೆಂಚಿನ ಮೇಲೆ ಕೂತು ಏಳಲೇ ಇಲ್ಲ. ಚೌಡಮ್ಮ ದಿನಾ ಒಂದೊಂದು ಸುದ್ದಿ ತರುತ್ತಿದ್ದಳು.

“ಇವತ್ತು ಚಿಕ್ಕಣ್ಣೋರು ಜಗಲಿ ಮ್ಯಾಲೆ ಮಲಗಿ, ಎದ್ದು, ನೆಲಕ್ಕೆ ನೀರು ಚಿಮುಕ್ಸಿ, ಮತ್ತೆ ಮಲಗಿ, ಮತ್ತೆ ಎದ್ರು. ರೇಡಿಯೋನೂ ಹಾಕಿಲ್ಲ. ಕೇಳೋಕೂ ಸೆಕೆಯಂತೆ.”

ಇನ್ನೊಂದು ದಿನ: “ಅಟ್ಟದ ಕಾಯಿ ಅಲ್ಲಾಡ್ಸಿ ನೋಡಿದ್ರು ಕಣೋ. ಹೋದ್ವರ್ಸ ಈ ಹೊತ್ಗೆ ಗಡಗಡ ಅಂತಿತ್ತಂತೆ. ಈಗ ಒಳಗೆ ನೀರು ಗೊಳಗೊಳ ಅಂತದೆ. ಆವಮ್ಮ, ‘ರೇಡಿಯೋದೋರ್ನ ಕೇಳಿ, ಕಾಯಿಗೇನ್ ಗೊಬ್ಬರ ಹಾಕ್ಬೇಕು ಅಂತ,’ ಅಂದ್ಬುಟ್ರು.”

ಮತ್ತೊಂದು ದಿನ ಮಾಯಸಂದ್ರದಿಂದ ದ್ರಾಕ್ಷಾಯಣಮ್ಮನ ಅಪ್ಪ ಬಂದಿದ್ದರು. ಮೊದಲು ಆ ಮನೆಗೆ ಬಂದರೆ ಎಂಟು ದಿನಕ್ಕೆ ಕಡಿಮೆ ಏಳದವರು, ಊಟ ಮಾಡಿ ಒಂದು ಗಳಿಗೆ ಜಗಲಿಯಲ್ಲಿ ಉರುಳಿ, ಅಂಗಿ ಬಿಚ್ಚಿ ಹಿಂಡಿ, “ಅಳಿಯಂದ್ರೆ, ಮನೆಗೇನು ಚಳಿಜ್ವರವಾ? ಕಂಬಳಿ ಹೊದ್ಸಿದೀರಲ್ಲ,” ಎಂದು ಸಂಜೆ ಬಸ್ಸಿಗೇ ಹೊರಟುಬಿಟ್ಟರು.

ಮರುದಿನ ಬೆಳಿಗ್ಗೆ ಗೋಣಿತಾಟು ಒಂದೂ ಇರಲಿಲ್ಲ. ಗೋಡೆಯದೂ ಇಲ್ಲ, ತಡಿಕೆಯದೂ ಇಲ್ಲ.

“ಏನಾಯ್ತಂತೆ?” ಜವರಪ್ಪ ಎದ್ದು ಕೂತ.

“ಹಸ ಎಳ್ಕಂಡು ತಿಂತು ಅಂದ್ರು ಚಿಕ್ಕಣ್ಣೋರು. ಗೋಡೆ ಆಚೆಯಿಂದ ದೊಡ್ಡೋರು, ‘ಪಾಪ, ಗಂಟನ್ನೂ ಬಿಚ್ಚಿ, ಹುರಿ ಸುತ್ತಿ, ಗೂಟಕ್ಕೆ ನೇತಾಕಿ ತಿಂದೈತೆ. ಓದಿರೋ ಹಸ,’ ಅಂದ್ರು.”

ಜವರಪ್ಪ ಅವತ್ತು ಎರಡು ಮುದ್ದೆ ಉಂಡ. ಆದರೆ ಯುಗಾದಿ ಹತ್ತಿರವಾಗುತ್ತಿತ್ತು. ಮೇಷ್ಟ್ರು ಕೊಟ್ಟ ಗಡುವು. ಹಸು ಗೋಣಿ ತಿಂದರೂ ಮನುಷ್ಯನ ಹಟ ತಿನ್ನುತ್ತದೆಯೇ? ಬೇವುಬೆಲ್ಲ ತಿಂದ ನಾಲ್ಕನೇ ದಿನ ಆ ಮನೆಯವರು ಹೇಳಿ ಕಳಿಸಿದ ಮಾತನ್ನು ಚೌಡಮ್ಮ ತಂದಳು. “ಗೋಡೆ ತಲೆ ಕೆಲ್ಸ ಐತಂತೆ. ಮಣ್ಣು ನೆನೆಹಾಕಿದ್ದಾರಂತೆ. ಇಬ್ರೂ ಅಣ್ತಮ್ದಿರು ಒಪ್ಪೌರಂತೆ. ಬರ್ಬೇಕಂತೆ.”

ಇಬ್ಬರೂ ಒಪ್ಪಿದ್ದಾರೆ ಎಂದರೆ ಇನ್ನು ಯಾವ ಮಾತೂ ನಡೆಯುವುದಿಲ್ಲ. ಆಳಿನ ಉದ್ದ ಒಂದೇ ಸಲ ಉಪಯೋಗಕ್ಕೆ ಬರುವಂಥದ್ದು. ಜವರಪ್ಪ ಸಲಿಕೆ ಹೆಗಲಿಗೇರಿಸಿ ಹೊರಟ. ನಾಲ್ಕು ಮನೆಯಾಚೆ ಇದ್ದ ಮನೆಗೆ ಹೋಗಲು ಅವನಿಗೆ ಊರೆಲ್ಲ ಸುತ್ತಿ ಒಂದು ತಾಸು ಹಿಡಿಯಿತು.

ತೊಟ್ಟಿಯಲ್ಲಿ ಮಣ್ಣು ನಿಜವಾಗಿಯೂ ನೆನೆದಿತ್ತು. ಆದರೆ ಒಂದು ಮಕ್ಕರಿಯಷ್ಟೇ. ಅಷ್ಟರಲ್ಲಿ ಕೋಳಿಗೂಡೂ ಏಳುವುದಿಲ್ಲ. ಗೋಡೆಯ ಈಚೆ ಚಿಕ್ಕಣ್ಣ, ಆಚೆ ನಂಜುಂಡಪ್ಪ, ಅವರವರ ಹೆಂಡತಿಯರು ಅವರವರ ಪಕ್ಕ. ಕೆಳಗೆ ನೆಲದ ತುಂಬ ಸಂಡಿಗೆಯ ಚೂರು.

“ನಿನ್ ಗೋಡೆ ನೋಡು,” ಎಂದ ಚಿಕ್ಕಣ್ಣ ಗತ್ತಿನಿಂದ. “ಎತ್ತಿನ ಬೆನ್ನು ಮಾಡಿಟ್ಟಿದೀಯ. ಇಟ್ಟಿದ್ದೆಲ್ಲ ಜಾರ್ತದೆ.”

ದ್ರಾಕ್ಷಾಯಣಮ್ಮ ಬಿಡಿಸಿ ಹೇಳಿದಳು. ತೊಟ್ಟಿಯಲ್ಲಿ ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಒಟ್ಟಿಗೆ ಬೀಳುವ ಜಾಗ ಒಂದೇ, ಗೋಡೆಯ ತಲೆ. ಕಾಗೆ ಬಂದರೆ ಎರಡು ಕಡೆಯಿಂದಲೂ ಕೂಗಬಹುದು, ಕೋಳಿಗೆ ಎಟುಕುವುದಿಲ್ಲ. ವಾರಗಿತ್ತಿಯರಿಬ್ಬರೂ ಹದಿನೈದು ದಿನದಿಂದ ಅಲ್ಲೇ ಸಂಡಿಗೆ ಇಡುತ್ತಿದ್ದಾರೆ, ಅದು ಗುಂಡಗಿರುವುದರಿಂದ ಅರ್ಧ ಇವಳ ಕಡೆಗೆ, ಅರ್ಧ ಅವಳ ಕಡೆಗೆ ಉರುಳುತ್ತಿದೆ.

“ನಮ್ಮ ಕಡೆಗೆ ಉರುಳೋದು ಕಮ್ಮಿ,” ಎಂದಳು ಪುಟ್ಟಗೌರಮ್ಮ.

“ಲೆಕ್ಕ ಇಟ್ಟೌಳೆ ನಮ್ಮಕ್ಕ.”

“ತಲೆ ಚಪ್ಪಟೆ ಮಾಡ್ಕೊಡು,” ಎಂದ ನಂಜುಂಡಪ್ಪ. “ನಡುವೆ ಒಂದು ಗೆರೆ ಎಳಿ. ಇಲ್ದಿದ್ರೆ ಇವರು ಗೋಡೆಗೂ ಪಾಲುಪಟ್ಟಿ ಬರುಸ್ತಾರೆ, ಮೇಷ್ಟ್ರು ಸತ್ತೋಯ್ತಾರೆ.”

ಜವರಪ್ಪ ಕಲ್ಲೊಂದನ್ನು ಎಳೆದು ಅದರ ಮೇಲೆ ಹತ್ತಿ, ಗುಂಡು ತಲೆಯನ್ನು ಸಲಿಕೆಯ ಅಂಚಿನಿಂದ ಹೆರೆದು, ಮಣ್ಣು ಕಲಸಿ ಬಳಿದು, ಒದ್ದೆ ಅಂಗೈಯಿಂದ ಉಜ್ಜಿ ಉಜ್ಜಿ ಸಮ ಮಾಡಿದ. ನಡುವೆ ಹೆಬ್ಬೆರಳಿನಿಂದ ಗೆರೆ ಎಳೆದ. ಗೆರೆ ಒಂದು ಕೂದಲು ತನ್ನ ಕಡೆ ಬಂದಿದೆ ಎಂದಳು ಪುಟ್ಟಗೌರಮ್ಮ. ಅಳಿಸಿ ಮತ್ತೆ ಎಳೆದ. ಈಗ ಇತ್ತ ಬಂದಿದೆ ಎಂದಳು ದ್ರಾಕ್ಷಾಯಣಮ್ಮ. ಹಿತ್ತಲ ಬಾಗಿಲಿಂದ ಗಾಳಿ ಬಂದು ಅವನ ಬೆವರಿದ ಕತ್ತನ್ನು ಸವರಿ ತಲೆಬಾಗಿಲ ಕಡೆ ಹೋಯಿತು.

ಕೆಲಸ ಮುಗಿಸಿ ಕೈ ತೊಳೆಯುತ್ತ ಜವರಪ್ಪ ಹೇಳಿದ. “ಒಂದು ಮಾತು ಹೇಳ್ಬುಡ್ತೀನಿ. ಚಪ್ಪಟೆ ತಲೆ ಮ್ಯಾಲೆ ಮಳೆನೀರು ನಿಂತ್ರೆ ಗೋಡೆ ಒಂದೇ ಮಳೆಗಾಲಕ್ಕೆ ಕರಗ್ತದೆ. ಭರಣಿ ಮಳೆಗೆ ಮುಂಚೆ ಬಂದು ಮತ್ತೆ ಗುಂಡಗೆ ಮಾಡ್ಬೇಕು. ದೀಪಾವಳಿ ಕಳೆದ್ಮ್ಯಾಲೆ ಬಂದು ಚಪ್ಪಟೆ.”

“ಪ್ರತಿ ವರ್ಷಾನೂವಾ?” ಎಂದ ಚಿಕ್ಕಣ್ಣ.

“ಪ್ರತಿ ವರ್ಷಾನೂವೆ. ಅದು ಬ್ಯಾಡ ಅಂದ್ರೆ ಈ ಸಾರಿ ಬರಲ್ಲ. ಕರಗಿ ಹೋಯ್ತದೆ. ಕರಗ್ಲಿ ಅನ್ನೋದಾದ್ರೆ ಹೂಂ ಅನ್ನಿ, ನಾನೂ ಒಂದ್ ಕೆಲ್ಸ ಕಮ್ಮಿ ಮಾಡ್ಕತೀನಿ.”

ಚಿಕ್ಕಣ್ಣ ಕಂಬ ನೋಡಿದ. ನಂಜುಂಡಪ್ಪ ಸೂರು ನೋಡಿದ. ಹೂಂ ಎನ್ನಲು ಇಬ್ಬರಿಗೂ ಬಾಯಿಯಿತ್ತು, ಮೊದಲು ಅನ್ನುವವನು ಯಾರು ಎನ್ನುವುದೇ ತೊಡಕಾಗಿತ್ತು. ಕಾದು ನೋಡಿದ ಜವರಪ್ಪ, ಅವರ ಮೌನವನ್ನೇ ಕರೆಯೋಲೆಯೆಂದು ತಿಳಿದು, ಭರಣಿಗೆ ಮುಂಚಿನ ಸೋಮವಾರ ಬರುತ್ತೇನೆ ಎಂದು ಹೇಳಿ, ಸಲಿಕೆಯನ್ನು ಅಲ್ಲೇ ತೊಟ್ಟಿಯ ಮೂಲೆಯಲ್ಲಿ ಬಿಟ್ಟು ಹೊರಟ.